ಕುಣಿಯಲಾರದ ಬೀಗರೂ ಬಾಯಿ ಬಿಡಲಾರದ ನಾನೂ

ಕಲ್ಯಾಣ ಇಲಾಖೆಯ ಗೋಪ್ಯತಾ ಶಾಖೆಯ ಮುಖ್ಯಸ್ಥರಾದ ಮಾನ್ಯರೇ,

ಮುಚ್ಚಿದ ಕಪಾಟುಗಳ ನಡುವೆಯೂ ಹಸನ್ಮುಖರಾಗಿರುವ ತಮಗೆ, ಅಂಗವಿಕಲ ಭತ್ಯೆಯ ಅರ್ಜಿಗಳನ್ನು ಪರಿಶೀಲಿಸಿ ನಿವೃತ್ತನಾದ, ಸೇವೆಯಲ್ಲಿ ತಿಳಿದದ್ದನ್ನು ಸಾಯುವವರೆಗೂ ಹೇಳೆನೆಂದು ಸಹಿ ಹಾಕಿಕೊಟ್ಟ ಈ ಬಡಪಾಯಿಯ ನಮಸ್ಕಾರಗಳು.

ನನ್ನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಅಪ್ಪಟ ಚಿನ್ನ. ಅವನ ತಂದೆಯನ್ನು ನಾನು ಹಿಂದೆ ಎಲ್ಲಿ ಕಂಡಿದ್ದೆನೆಂಬುದನ್ನು ನಿಯಮಾನುಸಾರ ಹೇಳಲಾರೆ. ಆಗ ಅವರು ಕುಳಿತಿದ್ದ ಕುರ್ಚಿಗೆ ಗಾಲಿಗಳಿದ್ದವೇ ಎಂದಂತೂ ಕೇಳಲೇಬೇಡಿ. ಅಂದು ನನಗೇಕೆ ಕಣ್ಣೀರು ಬಂತೆಂಬುದೂ ಗೋಪ್ಯ.

ಮೊನ್ನೆ ಮದುವೆ ಮಾತುಕತೆಗೆ ಬಂದ ಆ ಮಹನೀಯರು ಸಂತೋಷ ತಡೆಯಲಾರದೆ, ನಮ್ಮ ಕಬ್ಬಿಣದ ಬೀರುವನ್ನು ಒಬ್ಬರೇ ಸರಿಸಿ, ಜಾಗ ಮಾಡಿಕೊಂಡು ಕುಣಿದರು. ನನ್ನಾಕೆ ಚಪ್ಪಾಳೆ ತಟ್ಟುತ್ತ, "ನೋಡಿ ಕಲೀರಿ, ನಿಮ್ಮದೇ ವಯಸ್ಸು! ನಿಮ್ಮನ್ನ ಸೋಫಾದಿಂದ ಎಬ್ಬಿಸೋಕೆ ಇಬ್ಬರು ಬೇಕು" ಎಂದಳು. ಆಮೇಲೆ ನಾನು ಈ ಸಂಬಂಧ ಬೇಡವೆಂದೆ, ಯಾಕೆಂದಳು, ಹೇಳುವಂತಿಲ್ಲವೆಂದೆ, ಹೊಟ್ಟೆಕಿಚ್ಚೆಂದು ತೀರ್ಮಾನವಾಯಿತು. ಮಗಳು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆ ಮಹನೀಯರೋ, ಹೊರಡುವ ಮುನ್ನವೇ ನನ್ನನ್ನು ಬಾಲ್ಕನಿಗೆ ಕರೆದು, "ನೀವು ಬಾಯಿ ಬಿಡೋ ಹಾಗಿಲ್ಲ ಅಂತ ಗೊತ್ತಾದ್ಮೇಲೇ ಒಪ್ಕೊಂಡಿದ್ದು ಬೀಗ್ರೇ. ಇಂಥ ಮರ್ಯಾದಸ್ಥರ ಮನೆ ಸಿಗೋದು ಕಷ್ಟ" ಎಂದು ಬೆನ್ನು ತಟ್ಟಿದ್ದರು.

ಮಗಳಿಗೊಬ್ಬಳಿಗಾದರೂ ಹೇಳಲೇ ಎಂದು ತಮ್ಮ ಶಾಖೆಗೆ ಫೋನ್ ಮಾಡಿದೆ. ಅವರು ಕುಣಿದದ್ದನ್ನು ಊರಿಗೆಲ್ಲ ಹೇಳಬಹುದು, ಕುಣಿಯಲಾರದವರೆಂಬುದನ್ನು ಮಾತ್ರ ಯಾರಿಗೂ ಹೇಳಕೂಡದು ಎಂಬ ಸ್ಪಷ್ಟ ಉತ್ತರ ಬಂತು. ಇಷ್ಟು ನಯವಾಗಿ ಒಬ್ಬ ತಂದೆಯ ಬಾಯಿ ಹೊಲಿಯಬಲ್ಲ ದರ್ಜಿ ಬೇರೆ ಯಾವ ಇಲಾಖೆಯಲ್ಲಿದ್ದಾನೆ!

ಆದ್ದರಿಂದ ತಮ್ಮಲ್ಲಿ ವಿನಂತಿ: ನಿವೃತ್ತಿಯ ದಿನ ಗುರುತಿನ ಚೀಟಿ, ಬೀರುವಿನ ಕೀಲಿಕೈ ಹಿಂಪಡೆದಂತೆ ನನ್ನ ನೆನಪನ್ನೂ ಹಿಂಪಡೆದು ರಸೀದಿ ಕೊಡಿ. ಆಗದಿದ್ದರೆ, ಬೀಗರು ಬಂದಾಗಲೆಲ್ಲ ನನ್ನ ಪರವಾಗಿ ಬೆರಗಾಗಲು ಒಬ್ಬ ಗುಮಾಸ್ತನನ್ನು ನೇಮಿಸಿ, ಕಾಫಿ ನಮ್ಮದೇ.

ನಾಲಿಗೆಯನ್ನು ಇಲಾಖೆಯಲ್ಲೇ ಬಿಟ್ಟುಬಂದಿರುವ,
ತಮ್ಮ ವಿಶ್ವಾಸಿ

ತಾ.ಕ.: ಈ ಬಹಿರಂಗ ಪತ್ರ ಪೇಪರಿನಲ್ಲಿ ಅಚ್ಚಾದ ಬೆಳಿಗ್ಗೆ, ನಾನು ಹೆಸರೇ ಎತ್ತದ ಯಾರೋ ಒಬ್ಬರು "ಅದು ನಾನಲ್ಲ" ಎಂದು ಕೂಗುತ್ತ ನಮ್ಮ ಮನೆಗೆ ಓಡಿಬರಬಹುದು. ನಮ್ಮದು ಐದನೆಯ ಮಹಡಿ, ಲಿಫ್ಟ್ ನಿನ್ನೆಯಿಂದ ಕೆಟ್ಟಿದೆ. ಇನ್ನೂ ಸೇವೆಯಲ್ಲಿದ್ದು ಬಾಯಿ ತೆರೆಯುವ ಅಧಿಕಾರವಿರುವ ಒಬ್ಬ ತನಿಖಾಧಿಕಾರಿಯನ್ನು ದಯವಿಟ್ಟು ಮೇಲಿನ ಮೆಟ್ಟಿಲ ಬಳಿ ನಿಲ್ಲಿಸಿ. ಪಕ್ಕದಲ್ಲೇ ನನ್ನ ಮಗಳೂ ನಿಂತಿರುತ್ತಾಳೆ. ನಾನು ಏನೂ ಹೇಳುವುದಿಲ್ಲ.