ಜೋಡಿ ಸೀಡಿಯ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕುಪ್ಪ ಕೇಳಿದ ಪ್ರಶ್ನೆಗೆ ಭಾಸ್ಕರ "ಇಲ್ಲ" ಅಂದಿದ್ದರೆ ಅವನ ರಜೆ ಸುಖವಾಗಿ ಕಳೆಯುತ್ತಿತ್ತು. ಅವನು "ಇದೆ" ಅಂದ.

ಕುಪ್ಪ ಕೇಳಿದ್ದು ಇಷ್ಟೇ. ಇಪ್ಪತ್ಮೂರು ವರ್ಷದ ಹಿಂದೆ ತನ್ನ ಮದುವೆಯಲ್ಲಿ ಅವ್ವೆ ಹಾಡಿದ ಅರಿಶಿಣದ ಹಾಡನ್ನು ಭಾಸ್ಕರಣ್ಣ ರೆಕಾರ್ಡ್ ಮಾಡಿಕೊಂಡು ಸೀಡಿ ಮಾಡಿಸಿದ್ದನಲ್ಲ, ಅದು ಇನ್ನೂ ಇದೆಯಾ?

ಕುಪ್ಪನ ಅವ್ವೆ ಗಂಗಿ ಅಂದರೆ ಸುತ್ತಲಿನ ಹತ್ತೂರಿನ ಮದುವೆಗಳಿಗೆ ಹಾಡಿದವಳು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಅದಾದ ಮೇಲೆ ಬಾಯಿ ತೆರೆದರೆ ಬರೀ ಗಾಳಿ, ಗಾಳಿಯ ಜೊತೆ ಒಂದಿಷ್ಟು ಗೊರಗೊರ. ಈಗ ಮೊಮ್ಮಗಳು, ಅಂದರೆ ಕುಪ್ಪನ ಮಗಳು ಸುಮಿತಾಳ ಮದುವೆ. ನಾಳೆ ಧಾರೆ, ಇವತ್ತು ಮಧ್ಯಾಹ್ನ ಅರಿಶಿಣ. ಹಾಡಿಲ್ಲದೆ ಅರಿಶಿಣ ಹಚ್ಚುವುದಾದರೆ ತನ್ನನ್ನು ಎಬ್ಬಿಸಬೇಡಿ ಅಂತ ಸನ್ನೆಯಲ್ಲೇ ತಿಳಿಸಿ ಮುದುಕಿ ನಿನ್ನೆಯಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಗಂಜಿ ಕೂಡ ಮುಟ್ಟಿಲ್ಲ.

ಭಾಸ್ಕರ ಈಗ ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್. ಆಸಿಡ್ ಬಾಟಲಿಗೆ ಚೀಟಿ ಅಂಟಿಸುವುದು, ಮಕ್ಕಳು ಒಡೆದ ಗಾಜು ಗುಡಿಸುವುದು ಅವನ ಕೆಲಸ. ಆದರೆ ಒಂದು ಕಾಲದಲ್ಲಿ ಬೆಳಕೆಯಿಂದ ಕುಮಟೆಯವರೆಗೆ 'ಭಾಸ್ಕರ ಸೌಂಡ್ಸ್' ಇಲ್ಲದೆ ಮದುವೆಯ ಚಪ್ಪರ ಏಳುತ್ತಿರಲಿಲ್ಲ. ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಅಂಗಡಿಯೊಂದರಿಂದ ಅವನು ತಂದ ಜೋಡಿ ಸೀಡಿಯ ಮಿಷನ್ ನೋಡಲಿಕ್ಕೆ ಜನ ಊಟದ ಪಂಕ್ತಿ ಬಿಟ್ಟು ಬರುತ್ತಿದ್ದರು. ಒಂದು ತಟ್ಟೆಯಲ್ಲಿ ಹಾಡು ಓಡುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ ತಯಾರಿಟ್ಟುಕೊಳ್ಳಬಹುದಿತ್ತು. ನಡುವಿನ ಗುಂಡಿಯನ್ನು ಮೆಲ್ಲನೆ ಸರಿಸಿದರೆ ಒಂದು ಹಾಡು ಹೋಗಿ ಇನ್ನೊಂದು ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹೆಬ್ಬೆರಳಿನಷ್ಟು ಪೆನ್‌ಡ್ರೈವ್ ಬಂತು. ಭಾಸ್ಕರ ನೌಕರಿಗೆ ಸೇರಿದ, ಮಿಷನ್ ಅಟ್ಟ ಸೇರಿತು.

ಅಟ್ಟ ಸೇರಿ ಹದಿನಾಲ್ಕು ವರ್ಷ. ಅದನ್ನು ತೆಗೆಯಿರಿ ಅಂತ ಹೆಂಡತಿ ಮಾಲಿನಿ ಹೇಳಲಿಕ್ಕೆ ಶುರುಮಾಡಿಯೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಈ ಸಲ ಅವಳು ಗುಜರಿಯವನನ್ನು ಸೋಮವಾರ ಬರಲಿಕ್ಕೆ ಹೇಳಿಯೇ ಬಿಟ್ಟಿದ್ದಳು. ಹಾಗಾಗಿ ಕುಪ್ಪನ ಪ್ರಶ್ನೆ ಭಾಸ್ಕರನಿಗೆ ದೇವರೇ ಕಳಿಸಿದ ಹಾಗೆ ಕಂಡಿತು. ಸೀಡಿ ಹಾಕುವ ಕಂಪ್ಯೂಟರ್ ಈಗ ಊರಲ್ಲಿ ಯಾರ ಹತ್ತಿರವೂ ಇಲ್ಲ. ಆ ಹಾಡು ಹೊರಗೆ ಬರಬೇಕಾದರೆ ತನ್ನ ಮಿಷನ್ನೇ ಆಗಬೇಕು ಅಂತ ಅವನು ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ ಕುಪ್ಪನಿಗೆ ವಿವರಿಸಿದ.

ಪಕ್ಕದ ಮನೆಯ ದುರ್ಗಪ್ಪ ಇದನ್ನೆಲ್ಲ ಬೇಲಿಯ ಆಚೆಯಿಂದ ಕೇಳಿಸಿಕೊಂಡ. ಅವನು ರಿಟೈರ್ ಆದ ಬಸ್ ಡ್ರೈವರ್. ಮೂವತ್ತು ವರ್ಷ ಹಾರ್ನ್ ಹೊಡೆದು ಹೊಡೆದು, ಯಾವ ವಿಷಯಕ್ಕೂ ತಾನು ಅಡ್ಡ ಬರಬಹುದು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿತ್ತು. ತನ್ನ ಓಮ್ನಿ ಇದೆ, ತಾನೇ ಬಿಡುತ್ತೇನೆ, ಎಲೆಕ್ಟ್ರಿಕ್ ಕೆಲಸವೂ ತನಗೆ ಬರುತ್ತದೆ ಅಂತ ಹೇಳಿ ಅಂಗಿ ಹಾಕಿಕೊಳ್ಳಲಿಕ್ಕೆ ಹೋದ.

ಮಿಷನ್ನು ಹಳೆ ಕೌದಿಯಲ್ಲಿ ಸುತ್ತಿತ್ತು. ಜೊತೆಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅದರ ಪುಸ್ತಕ. ಭಾಸ್ಕರನಿಗೆ ಆ ಪುಸ್ತಕ ಬಾಯಿಪಾಠ. ಒದ್ದೆ ಕೈಯಲ್ಲಿ ಮುಟ್ಟಬಾರದು. ಗಾಳಿಯಾಡುವ ಕಿಂಡಿ ಮುಚ್ಚಬಾರದು. ಸ್ವಿಚ್ ಹಾಕುವ ಮೊದಲು ವಾಲ್ಯೂಮ್ ಸೊನ್ನೆಯಲ್ಲಿರಬೇಕು. ಒಳಗೆ ಸೀಡಿ ಇಟ್ಟುಕೊಂಡು ಸಾಗಿಸಬಾರದು. ಓಮ್ನಿಯಲ್ಲಿ ಮಿಷನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂತೆಗುಳಿ ಕಡೆಯ ಕುಪ್ಪನ ಊರು ಮುಟ್ಟುವ ತನಕ ಅವನು ಇವನ್ನು ಒಂದೊಂದಾಗಿ ಹೇಳುತ್ತಲೇ ಹೋದ. ಮುಂದೆ ಕೂತ ಮಾಲಿನಿ, ನಮ್ಮ ಮಗುವನ್ನು ಆಸ್ಪತ್ರೆಯಿಂದ ತರುವಾಗ ಇಷ್ಟು ಹುಷಾರಿರಲಿಲ್ಲ ಅಂದಳು.

ಮದುವೆಮನೆಯಲ್ಲಿ ಮಿಷನ್ ಇಡಲಿಕ್ಕೆ ಒಂದು ಬೆಂಚು ಕೊಟ್ಟರು. ಅದರ ಮೂರು ಕಾಲು ನೆಲದ ಮೇಲಿತ್ತು, ನಾಲ್ಕನೆಯದು ಇನ್ನೂ ಯೋಚನೆ ಮಾಡುತ್ತಿತ್ತು. ಇದು ಆಗುವುದಿಲ್ಲ, ಸ್ಪೀಕರ್ ಅದುರಿದರೆ ಸೀಡಿ ಹಾರುತ್ತದೆ ಅಂತ ಭಾಸ್ಕರ ಹಟ ಹಿಡಿದ. ಕೊನೆಗೆ ಸ್ಪೀಕರಿನಿಂದ ದೂರಕ್ಕೆ ನಾಲ್ಕು ಭತ್ತದ ಚೀಲ ಒಟ್ಟಿ, ಮೇಲೊಂದು ಹಲಗೆ ಹಾಸಿ ಕೊಟ್ಟರು. ಹೊಸ ಅಳಿಯನಿಗೂ ಇಷ್ಟು ಭದ್ರವಾದ ಆಸನ ಸಿಕ್ಕಿರಲಿಲ್ಲ. ಆದರೆ ಚಪ್ಪಟೆಯಾದ, ಮಿರಮಿರ ಮಿಂಚುವ ಜಾಗ ಕಂಡ ಕೂಡಲೇ ಹೆಂಗಸರಿಗೆ ಅದರ ಮೇಲೆ ಏನಾದರೂ ಇಡಬೇಕು ಅನಿಸತೊಡಗಿತು. ಮೊದಲು ಕೋಕಂ ಪಾನಕದ ಲೋಟ ಬಂತು. ಅದನ್ನು ತೆಗೆಸುವಷ್ಟರಲ್ಲಿ ಅರಿಶಿಣದ ಬಟ್ಟಲು. ಅದನ್ನು ಎತ್ತಿದರೆ ಯಾರದೋ ಕೂಸು.

ಚಪ್ಪರದ ಬಾಡಿಗೆ ಮೈಕ್ ಸೆಟ್ಟಿನವನು ಊಟಕ್ಕೆ ಹೋಗಿದ್ದ. ಭಾಸ್ಕರ ಕೂಸನ್ನು ತಾಯಿಗೆ ಒಪ್ಪಿಸಿ ಬರುವಷ್ಟರಲ್ಲಿ ದುರ್ಗಪ್ಪ ಕೆಂಪು, ಬಿಳಿ ವೈರುಗಳನ್ನು ತನಗೆ ಚಂದ ಕಂಡ ತೂತಿಗೆ ಸಿಕ್ಕಿಸಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಸ್ವಿಚ್ ಒತ್ತಿಬಿಟ್ಟ.

ಆಗ ಹೊರಟ ಸದ್ದಿಗೆ ಹೆಸರಿಲ್ಲ. ಬಂದರಿನ ಬೋಟುಗಳೆಲ್ಲ ಒಟ್ಟಿಗೆ ಅಂಗಳಕ್ಕೆ ನುಗ್ಗಿದ ಹಾಗಿತ್ತು. ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಚಪ್ಪರದ ಒಂದು ಕಂಬದ ಜೊತೆ ಗದ್ದೆಗೆ ಓಡಿತು. ಗಂಡಿನ ಕಡೆಯಿಂದ ಅರಿಶಿಣ ತಂದಿದ್ದ ಐದು ಜನರಲ್ಲಿ ಇಬ್ಬರು ಎಮ್ಮೆಗಿಂತ ಮುಂದಿದ್ದರು. ಭಾಸ್ಕರ ಓಡಿ ಬಂದು ಪ್ಲಗ್ ಕಿತ್ತ. ಕರೆಂಟ್ ಚೆನ್ನಾಗಿ ಬರುತ್ತಿದೆ ಅಂತ ದುರ್ಗಪ್ಪ ಎಲ್ಲರಿಗೂ ತಿಳಿಸಿದ.

ಎಮ್ಮೆ ಹಿಡಿದು ತಂದದ್ದಾಯಿತು, ಕಂಬ ನೆಟ್ಟದ್ದಾಯಿತು. ಭಾಸ್ಕರ ವೈರುಗಳನ್ನು ಸರಿಮಾಡಿ, ವಾಲ್ಯೂಮ್ ಸೊನ್ನೆಗೆ ತಂದು, ಕೈ ಒರೆಸಿಕೊಂಡು ಸ್ವಿಚ್ ಹಾಕಿದ. ದೀಪ ಹತ್ತಿತು. ತಟ್ಟೆ ಹೊರಗೆ ಬಂತು. ಸೀಡಿ ಇಟ್ಟ. ತಟ್ಟೆ ಒಳಗೆ ಹೋಯಿತು. ಹೋದದ್ದು ಹೋಯಿತು, ಮುಂದೇನೂ ಇಲ್ಲ. ಎರಡನೆಯ ತಟ್ಟೆಯೂ ಹಾಗೇ. ಒಳಗಿನಿಂದ ಟಿಕ್ ಟಿಕ್ ಅಂತ ಮುದುಕರು ಲೊಚಗುಟ್ಟಿದ ಹಾಗೆ ಸದ್ದು. ದುರ್ಗಪ್ಪ ಎರಡು ತಟ್ಟಿ ನೋಡೋಣ ಅಂದ. ಒಬ್ಬರು ಬಿಸಿಲಿಗಿಡಿ ಅಂದರು. ಕುಪ್ಪನ ಹೆಂಡತಿ ತಿಮ್ಮಿ ಒಂದು ಕಾಯಿ ತೆಗೆದಿಡುತ್ತೇನೆ ಅಂತ ಹರಕೆ ಹೊತ್ತಳು. ಅರ್ಧ ಗಂಟೆ ಭಾಸ್ಕರ ಬೆವರಿದ. ಮಾಲಿನಿ ದೂರದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೆ ಅವನು ಪುಸ್ತಕ ಬಿಡಿಸಿದ. ಮೊದಲ ಪುಟದಲ್ಲೇ ಇತ್ತು. ಸಾಗಿಸುವಾಗ ಒಳಗಿನ ಭಾಗ ಅಲುಗಾಡದ ಹಾಗೆ ಅಡಿಯಲ್ಲಿ ಬಿಗಿಯುವ ಸ್ಕ್ರೂಗಳನ್ನು ನಡೆಸುವ ಮೊದಲು ಬಿಚ್ಚಬೇಕು. ಹದಿನಾಲ್ಕು ವರ್ಷದ ಹಿಂದೆ, ಎಂದಾದರೂ ಬೇಕಾಗಬಹುದು ಅಂತ ಅವನೇ ಅಕ್ಕರೆಯಿಂದ ಬಿಗಿದಿದ್ದ. ಇದನ್ನು ಯಾರಿಗೂ ಹೇಳದೆ ಅವನು ಸೀಡಿ ತೆಗೆದು, ಪ್ಲಗ್ ಕಿತ್ತು, ಮಿಷನ್ನನ್ನು ಮಗುಚಿ, ದುರ್ಗಪ್ಪನ ಕಿಸೆಯ ನಾಣ್ಯದಲ್ಲಿ ಸ್ಕ್ರೂ ಬಿಚ್ಚಿದ. ಒಳಗೆ ಏನೋ ಲೂಸಾಗಿತ್ತು, ಈಗ ಟೈಟ್ ಮಾಡಿದರು ಅಂತ ದುರ್ಗಪ್ಪ ಹೇಳಿದ.

ಈ ಸಲ ಸೀಡಿ ತಿರುಗಿತು. ಭಾಸ್ಕರ ಗುಂಡಿಯನ್ನು ಮೆಲ್ಲಗೆ ಏರಿಸಿದ. ಚಪ್ಪರದಲ್ಲಿ ಇಪ್ಪತ್ಮೂರು ವರ್ಷದ ಹಿಂದಿನ ಗಂಗಿಯ ದನಿ ಎದ್ದು ಬಂತು.

ಅರಿಶಿಣ ಅರೆದಾರೆ ಅಂಗಳವೆಲ್ಲ ಹೊಂಬಣ್ಣ
ಬಳೆ ತುಂಬಿದ ಕೈಯೆಲ್ಲ ಕೆನ್ನೆಗೆ ಬಂದಾವೆ

ಒಲೆಯ ಮುಂದಿದ್ದವರು ಸೌಟು ಹಿಡಿದೇ ಹೊರಗೆ ಬಂದರು. ಆ ಹಾಡಿನ ಹಿಂದೆ ಅಂದಿನ ಮದುವೆಯ ಗಲಾಟೆಯೂ ಇತ್ತು. ಪಾತ್ರೆಯ ಸದ್ದು, ಯಾರನ್ನೋ ಕರೆಯುತ್ತಿದ್ದ ಕುಪ್ಪನ ತೀರಿಹೋದ ಅಪ್ಪನ ದನಿ. ಕುಪ್ಪ ಕಂಬ ಹಿಡಿದು ನಿಂತ. ಒಳಗಿನ ಕೋಣೆಯ ಬಾಗಿಲಲ್ಲಿ ಗಂಗಿ ಬಂದು ನಿಂತಿದ್ದಳು, ಕೊರಳ ತುಂಬ ಮಣಿಸರ, ಕೆದರಿದ ಬಿಳಿ ಕೂದಲು.

ಮೂರನೆಯ ಸೊಲ್ಲಿನಲ್ಲಿ ಮತ್ತೆ ಬಳೆಯ ಸಾಲು ಬಂದಾಗ ಹಾಡು ಸಿಕ್ಕಿಬಿತ್ತು. "ಬಳೆ ಬಳೆ ಬಳೆ ಬಳೆ" ಅಂತ ಬಳೆಗಾರ ಕೂಗಿದ ಹಾಗೆ ಕೂಗಲಿಕ್ಕೆ ಶುರುವಾಯಿತು. ಭಾಸ್ಕರ ಸೀಡಿ ತೆಗೆದು ನೋಡಿದ. ಹೊರ ಅಂಚಿನಲ್ಲಿ ಬೂಷ್ಟು ಹಿಡಿದು ಒಳಗೇ ತಿಂದುಹಾಕಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ಗಂಗಿ ಒಂದು ಕ್ಷಣ ನಿಂತು, ತಿರುಗಿ ಗೋಡೆಯ ಕಡೆಗೆ ಹೊರಟಳು.

"ಕುಪ್ಪಾ, ಎರಡು ಸೀಡಿ ಮಾಡಿಸಿದ್ದೆ. ನಿಂಗೊಂದು ಕೊಟ್ಟಿದ್ದೆ, ಅದು ಎಲ್ಲದೆ?" ಅಂತ ಭಾಸ್ಕರ ಕೇಳಿದ.

ಕುಪ್ಪ ನೆಲ ನೋಡಿದ. ಆಮೇಲೆ ಗದ್ದೆಯ ಕಡೆ ನೋಡಿದ. ಅಲ್ಲಿ ಹರಿವೆ ಮಡಿಯ ಮೇಲೆ, ಹಕ್ಕಿ ಬೆದರಿಸಲಿಕ್ಕೆ ಕಟ್ಟಿದ ಹಗ್ಗದಲ್ಲಿ ಏನೋ ಹೊಳೆಯುತ್ತ ತಿರುಗುತ್ತಿತ್ತು.

ಆ ಸೀಡಿಯನ್ನು ಬಿಚ್ಚಿ ತಂದು ಸೋಪಿನ ನೀರಲ್ಲಿ ತೊಳೆದರು. ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕು, ಸುತ್ತ ತಿಕ್ಕಬಾರದು ಅಂತ ಭಾಸ್ಕರ ತಾನೇ ಒರೆಸಿದ. ಅದರ ಮೊದಲ ಎರಡು ಸೊಲ್ಲು ಗೀರು ಬಿದ್ದು ಹಾಳಾಗಿತ್ತು. ಆದರೆ ಅಲ್ಲಿಂದ ಮುಂದೆ ದನಿ ತಿಳಿನೀರಿನ ಹಾಗಿತ್ತು. ಅವನ ಸೀಡಿಯಲ್ಲಿ ತಲೆ ಇತ್ತು, ಕುಪ್ಪನದರಲ್ಲಿ ಮೈ.

ಭಾಸ್ಕರ ಎರಡನ್ನೂ ಎರಡು ತಟ್ಟೆಯಲ್ಲಿಟ್ಟ. ಹೆಡ್‌ಫೋನ್ ಹಾಕಿಕೊಂಡು ಎರಡನೆಯದನ್ನು ಹಿಂದೆ ಮುಂದೆ ಮಾಡಿ, ಮೂರನೆಯ ಸೊಲ್ಲಿನ ಬಾಗಿಲಿಗೆ ತಂದು ನಿಲ್ಲಿಸಿದ. ಯಾರೂ ಚೀಲ ಮುಟ್ಟಬಾರದು ಅಂದ. ದುರ್ಗಪ್ಪ ಸಹ ಕೈ ಹಿಂದೆ ಕಟ್ಟಿಕೊಂಡ.

ಹಾಡು ಮೊದಲಿಂದ ಶುರುವಾಯಿತು. ಮೂರನೆಯ ಸೊಲ್ಲು ಹತ್ತಿರ ಬಂದ ಹಾಗೆ ಭಾಸ್ಕರ ಕಣ್ಣು ಮುಚ್ಚಿದ. ಅವನಿಗೆ ಐವತ್ತೆರಡು ವರ್ಷ ಅನ್ನುವುದು ಬೆರಳಿಗೆ ಮರೆತುಹೋಗಿತ್ತು. ಗಂಗಿ ಉಸಿರು ತೆಗೆದುಕೊಳ್ಳುವ ಸಣ್ಣ ಸಂದಿನಲ್ಲಿ ಅವನು ನಡುವಿನ ಗುಂಡಿಯನ್ನು ಸರಿಸಿದ. ಉಸಿರು ಈ ಸೀಡಿಯಲ್ಲಿ ಒಳಗೆ ಹೋಯಿತು, ದನಿ ಆ ಸೀಡಿಯಿಂದ ಹೊರಗೆ ಬಂತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಅವನಿಗೊಬ್ಬನಿಗೇ, ಅದೇ ಅವನ ಸುಖವಾಗಿತ್ತು.

ಗಂಗಿ ಚಪ್ಪರದ ನಡುವೆ ಬಂದು ಮೊಮ್ಮಗಳ ಪಕ್ಕ ಕೂತಳು. ಐದನೆಯ ಸೊಲ್ಲಿಗೆ ಅವಳು ತನ್ನ ದನಿಯ ಮೇಲೇ ಸಿಟ್ಟಾಗಿ ಕೈ ಬೀಸಿದಳು. ತಿಮ್ಮಿ ಬಗ್ಗಿ ಕಿವಿಗೊಟ್ಟು ಕೇಳಿ ಎಲ್ಲರಿಗೂ ಹೇಳಿದಳು. ಅಲ್ಲಿ ಒಂದು ಸಾಲು ಬಿಟ್ಟಿದೆಯಂತೆ, ಅಜ್ಜಿಯ ಕೈ ಎಲ್ಲರಿಗಿಂತ ಮೊದಲು ಅನ್ನುವ ಸಾಲು. ಆವತ್ತು ತಾನು ಅಜ್ಜಿಯಾಗಿರಲಿಲ್ಲ, ಅದಕ್ಕೇ ಬೇಕೆಂದೇ ಬಿಟ್ಟಿದ್ದಂತೆ. ಗಂಗಿ ಆ ಸಾಲನ್ನು ಗಾಳಿಯಂಥ ದನಿಯಲ್ಲಿ ಅಂದಳು. ಕಿವಿಗೆ ಬಿದ್ದದ್ದೇ ಸುತ್ತ ಕೂತ ಹೆಂಗಸರಿಗೆ ಹಾಡೆಲ್ಲ ನೆನಪಾಗಿ, ಅವರೂ ಮಿಷನ್ನಿನ ಜೊತೆ ಸೊಲ್ಲೆತ್ತಿದರು. ಮುದುಕಿ ಬಟ್ಟಲಿಗೆ ಕೈ ಅದ್ದಿ ಸುಮಿತಾಳ ಕೆನ್ನೆಗೆ ಮೊದಲ ಅರಿಶಿಣ ಹಚ್ಚಿದಳು. ಮಾಲಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಭಾಸ್ಕರ ನೋಡಿದ. ಇನ್ನು ಗುಜರಿಯವನ ಚಿಂತೆಯಿಲ್ಲ ಅಂದುಕೊಂಡ.

ಶಾಸ್ತ್ರ ಮುಗಿದ ಮೇಲೆ ಗಂಗಿ ಚೀಲಗಳ ಹತ್ತಿರ ಬಂದು, ಕೈಯನ್ನು ಸೀರೆಗೆ ಒರೆಸಿಕೊಂಡು, ಮಿಷನ್ನಿನ ಬೆನ್ನು ಸವರಿದಳು. ಕರು ಸವರಿದ ಹಾಗೆ. ಆಗ ಮಾಲಿನಿ ಎದ್ದು ಬಂದು ಹತ್ತು ಜನರ ಎದುರಿಗೆ ಅಂದಳು:

"ಅಜ್ಜೀ, ನಿಮ್ಮ ದನಿ ಇರೂದು ಇದರಲ್ಲೇ. ಇದು ನಿಮ್ಮ ಹತ್ರನೇ ಇರ್ಲಿ. ಸುಮಿತಾಳ ಮದುವೆಗೆ ನಮ್ಮ ಉಡುಗೊರೆ ಅಂತ ಇಟ್ಕೊಳ್ಳಿ."

ಚಪ್ಪರವೆಲ್ಲ ಚಪ್ಪಾಳೆ. ಕುಪ್ಪ ಭಾಸ್ಕರನ ಎರಡೂ ಕೈ ಹಿಡಿದುಕೊಂಡ. ಇಂಥ ದೊಡ್ಡ ಮನಸ್ಸು ಯಾರಿಗುಂಟು ಅಂತ ದುರ್ಗಪ್ಪ ಮೈಕಿನಲ್ಲಿ ಕೇಳಿದ. ಭಾಸ್ಕರ ಆ ದೊಡ್ಡ ಮನಸ್ಸನ್ನು ಎಲ್ಲಿ ಇಟ್ಟುಕೊಳ್ಳುವುದು ಅಂತ ಗೊತ್ತಾಗದೆ, ಹಲ್ಲು ಬಿಟ್ಟು ನಿಂತ. ಗಂಗಿ ಅವನ ಗಲ್ಲಕ್ಕೂ ಒಂದಿಷ್ಟು ಅರಿಶಿಣ ಮೆತ್ತಿದಳು.

ಹೊತ್ತು ಮುಳುಗುವಾಗ ಓಮ್ನಿ ಹೊನ್ನಾವರದ ಕಡೆ ಹೊರಟಿತು. ಹಿಂದಿನ ಸೀಟಿನಲ್ಲಿ ಭಾಸ್ಕರ ಒಬ್ಬನೇ. ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದ. ಮುದುಕಿಗೆ ಅದು ಬೇಕು. ಅವಳ ದನಿ ಕೇಳಬೇಕಾದರೆ ಬೇರೆ ದಾರಿ ಇಲ್ಲ. ಹಾಗೆ ನೋಡಿದರೆ ಮಾಲಿನಿ ಮಾಡಿದ್ದೇ ಸರಿ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಮಾಲಿನಿಯ ಫೋನ್ ಬಡಿದುಕೊಂಡಿತು.

ಅರಿಶಿಣ ಅರೆದಾರೆ ಅಂಗಳವೆಲ್ಲ ಹೊಂಬಣ್ಣ.

ಭಾಸ್ಕರ ಸೀಟಿನ ಅಂಚಿಗೆ ಬಂದ. ಸುಮಿತಾಳ ಗೆಳತಿ ಹಾಡು ಪೂರ್ತಿ ರೆಕಾರ್ಡ್ ಮಾಡಿಕೊಂಡು ಊಟದ ಹೊತ್ತಿಗೇ ಊರಿಗೆಲ್ಲ ಕಳಿಸಿದ್ದಳಂತೆ, ಗಂಗಜ್ಜಿಗೂ ಮೊಮ್ಮಗಳ ಫೋನಿನಲ್ಲಿ ಹಾಕಿ ಕೇಳಿಸಿದ್ದಾರಂತೆ. ನಡುವೆ ದುರ್ಗಪ್ಪ ಕೆಮ್ಮಿದ್ದೊಂದು ಬಿಟ್ಟರೆ ಚೆನ್ನಾಗಿಯೇ ಬಂದಿದೆ, ತಾನು ಅದನ್ನೇ ರಿಂಗ್‌ಟೋನ್ ಮಾಡಿಕೊಂಡೆ ಅಂತ ಮಾಲಿನಿ ವಿವರಿಸಿದಳು.

"ಎಲ್ಲರ ಫೋನಲ್ಲೂ ಹಾಡು ಇದ್ದ ಮೇಲೆ, ಆ ಅಜ್ಜಿಗೆ ಮಿಷನ್ ಎಂತಕ್ಕೆ ಕೊಟ್ಟೆ?" ಅಂತ ಅವನು ಕೇಳಿದ.

"ಫೋನಲ್ಲಿ ಬಂತಲ್ಲ. ಇನ್ನು ನಮಗೆ ಮಿಷನ್ ಎಂತಕ್ಕೆ?" ಅಂದಳು ಮಾಲಿನಿ.

ಫೋನ್ ಮಾಡಿದ್ದು ಅವಳ ತಂಗಿ ವೀಣಾ. ಎತ್ತಿದರೆ ಹಾಡು ನಿಲ್ಲುತ್ತದೆ ಅಂತ ಮಾಲಿನಿ ಎತ್ತಲಿಲ್ಲ. ಎತ್ತು ಅಂತ ಬೇರೆ ಇಬ್ಬರೂ ಹೇಳಲಿಲ್ಲ. ಎರಡನೆಯ ಸೊಲ್ಲಿಗೆ ವೀಣಾ ಬೇಸತ್ತು ಕಟ್ ಮಾಡಿದಳು. ಓಮ್ನಿಯಲ್ಲಿ ಎಂಜಿನ್ನಿನ ಸದ್ದು ಮಾತ್ರ ಉಳಿಯಿತು.

ಭಾಸ್ಕರ ಕಿಸೆಯಿಂದ ತನ್ನ ಫೋನ್ ತೆಗೆದು, ಮುಂದಿನ ಸೀಟಿನಲ್ಲಿದ್ದ ಹೆಂಡತಿಯ ನಂಬರ್ ಒತ್ತಿದ.