ಸವಳು ನೀರಿನ ಸರದಾರ

ಸವಳು ನೀರಿನ ಕೆಲಸಕ್ಕೆ ಸೇರಿದಾಗಿನಿಂದ ನನ್ನ ಎದಿ ಡವಡವ ಅನ್ನೋದೂ ನಿಂತಿಲ್ಲ, ಮಂದಿ ನಗೋದೂ ನಿಂತಿಲ್ಲ. ನಾ ಸಾಯಗಾಂವದ ಹುಡುಗ. ಭಾಲ್ಕಿ, ಔರಾದ ಕಡೆಯ ಉಪ್ಪು ಬಾವಿಗಳ ನೀರು ತುಂಬಿ ಬೀದರದ ಸರ್ಕಾರಿ ಆಫೀಸಿಗೆ ಮುಟ್ಟಿಸಬೇಕು. ಅದರಲ್ಲಿ ಬ್ಯಾಟರಿಯ ಲಿಥಿಯಂ, ಗೊಬ್ಬರದ ಪೊಟ್ಯಾಷಿಯಂ ಎಷ್ಟಿದೆ ಅಂತ ನೋಡ್ತಾರೆ. "ಇಲ್ಲಿ ಚಲೋ ಮಾಡಿದವರನ್ನ ಇದೇ ಕೆಲಸಕ್ಕೆ ಗುಜರಾತದ ಉಪ್ಪಿನ ಬಯಲಿಗೆ ಒಯ್ತೀವಿ" ಅಂದಿದ್ರು ಆಫೀಸಿನ ಮೇಡಂ. ನಾ ಆಗಲೇ ಊರ ತುಂಬ ಹೊಂಟೆ ಅಂತ ಸಾರಿಬಿಟ್ಟಿದ್ದೆ. ಹೋಗದಿದ್ರೆ ಮುಖ ಎಲ್ಲಿಡಲಿ?

೧. ಯಾರ ಬಾವಿ?

ಔರಾದ ಹತ್ತಿರ ಒಂದು ಬಾವಿಯಲ್ಲಿ ಲಿಥಿಯಂ ಇರಬಹುದು ಅಂದೆ. ಅಷ್ಟಕ್ಕೇ ಅಣ್ಣ-ತಮ್ಮ ಇಬ್ಬರೂ "ಬಾವಿ ನಂದು" ಅಂತ ಕಟ್ಟೆ ಹತ್ತಿ ನಿಂತ್ರು. ಜೀಪಿನಲ್ಲಿ ಮೇಡಂ ಗಡಿಯಾರ ನೋಡ್ಕೋತ ಕುಂತಿದ್ದಾರೆ. ಆದ್ರೆ ನಾನೇನು ಕಮ್ಮಿ?

"ಏನೂ ಸಿಗದಿದ್ರ ಬಾವಿ ಮುಚ್ಚಬೇಕಾಗ್ತದ್ರಿ. ಖರ್ಚು ಮಾಲೀಕರದು."

"ಬಾವಿ ಅಣ್ಣಂದು ರೀ!"

"ಏ ಸುಳ್ಳ! ತಮ್ಮಂದು ರೀ!"

ಅವರು ಒಬ್ಬರಿಗೊಬ್ಬರು ಬಾವಿ ದಾನ ಮಾಡೋದ್ರೊಳಗೆ ನಾ ಬಾಟಲಿ ತುಂಬಿಸ್ಕೊಂಡು ಜೀಪು ಹತ್ತಿದ್ದೆ.

೨. ತೊಡೆ ಮೇಲಿನ ನೀರು

ಇನ್ನೊಂದು ದಿನ ಬಾಟಲಿ ತೊಡೆ ಮೇಲಿಟ್ಕೊಂಡು ಹೊಂಟಾಗ, ಬೀದರದ ಗಾಂಧಿ ಗಂಜ ಮಾರ್ಕೆಟ್ಟಿನಲ್ಲಿ ಲಾರಿ ನಡುವೆ ನನ್ನ ಆಟೋ ಸಿಕ್ಕಿಬಿತ್ತು. ಹಮಾಲರು ತೊಗರಿ ಚೀಲ ಹೊತ್ತು ಒರಸ್ಕೊಂಡೇ ಹೋಗ್ತಿದ್ರು. ಬಾಟಲಿ ಒಡೆದ್ರೆ ನನ್ನ ಗುಜರಾತ ಅಲ್ಲೇ ಹರಿದು ಹೋಗ್ತದೆ. ಕೂಸಿನಂಗ ಅಪ್ಪಿಕೊಂಡು ಚೀರಿದೆ: "ದೂರ ಸರೀರಿ, ಸರ್ಕಾರಿ ನೀರದ!"

ಆಟೋ ಚಾಚಾ ಹೊರಳಿ ನೋಡಿದ. "ವ್ಹಾ ಮಿಯಾ! ನಮ್ಮ ಗಲ್ಲಿಗೆ ಬರಲಾರದ ಸರ್ಕಾರಿ ನೀರು ನಿನ್ನ ತೊಡಿ ಮ್ಯಾಲ ಕುಂತು ಸವಾರಿ ಮಾಡ್ಲಿಕತ್ತದ!"

೩. ಸಾಯಗಾಂವದ ಗಣಿ

ಒಂದಿನ ಮೇಡಂ ಫೋನು: "ನಿನ್ನ ಬಾಟಲಿಗಳೊಳಗಷ್ಟೇ ಪೊಟ್ಯಾಷಿಯಂ ಭಾರಿ ಬಂದದ. ದೊಡ್ಡ ಸಾಹೇಬರು ನಿಮ್ಮ ಮನಿಗೇ ಬರ್ತಾರ."

ನನ್ನ ಕೈಗುಣ ಅಂತ ಕಟ್ಟೆಯ ಮೇಲೆ ಕುಂತು ಮೀಸೆ ತಿರುವಿದೆ. ಸಾಹೇಬರು ಏನು ಕೇಳ್ತಾರೋ ಅಂತ ರಾತ್ರಿ ಮಾತ್ರ ನಿದ್ದೆ ಇಲ್ಲ.

ಸಾಹೇಬರು ಮೇಡಂ ಜೋಡಿ ಬಂದವರೇ ಕೇಳಿದ್ರು: "ಬಾಟಲಿ ಹೇಗೆ ತೊಳೀತೀಯಪ್ಪ?"

"ಆಫೀಸಿನ ಶುದ್ಧ ನೀರಿನಿಂದ ರೀ, ನಾನೇ..."

ಹಿತ್ತಲಿಂದ ಅವ್ವ ಬಾಯಿ ಹಾಕಿದಳು. "ಇವನೇನು ತೊಳಿತಾನ್ರಿ, ಬರೇ ನೀರಾಗ ಅಲುಗಾಡಸ್ತಾನ. ಆಮ್ಯಾಲ ನಾನೇ ಒಲಿ ಬೂದಿ ಹಾಕಿ ಒಳಗ ಹೊರಗ ತಿಕ್ಕಿ ಇಡ್ತೇನಿ. ನೋಡ್ರಿ, ಹ್ಯಾಂಗ ಹೊಳಿತಾವ!"

ಮೇಡಂ ಹಣೆ ಹಿಡ್ಕೊಂಡ್ರು. ಬೂದಿ ಅಂದ್ರೇ ಪೊಟ್ಯಾಷಿಯಂ. ಬಂದಿದ್ದೆಲ್ಲ ನಮ್ಮ ಒಲೆಯದು!

ಸಾಹೇಬರು ನಗು ತಡೆದು ಅಂದ್ರು: "ಎಲ್ಲಾ ಬಾವಿ ನೀರು ಮತ್ತೊಮ್ಮೆ ತಾ. ಸರಿ ಬಂದ್ರೆ ಗುಜರಾತ. ಇಲ್ಲಾಂದ್ರೆ ಇಲ್ಲ."

ನನ್ನ ಮುಖ ಬಿಳುಚಿದ್ದು ನೋಡಿ ಅವ್ವ ಬೆನ್ನು ಸವರಿದಳು.

"ಅಂಜಬ್ಯಾಡ ಮಗಾ. ಈ ಸಲ ಬೂದಿ ಬ್ಯಾಡ, ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕತೇನಿ."