ನಾಲ್ಕು ಕಪ್ಪೆ, ಮೂರು ಹಾಳೆ ಮತ್ತು ನನ್ನ ಕೆಂಪು ಪೆನ್ನು

ಮನುಷ್ಯನಿಗೆ ನಿವೃತ್ತಿ ಸಿಗುತ್ತದೆ, ಅವನ ಅಭ್ಯಾಸಗಳಿಗೆ ಸಿಗುವುದಿಲ್ಲ. ಪತ್ರಿಕೆಯ ಡೆಸ್ಕ್ ಬಿಟ್ಟು ಬಂದ ಮೇಲೂ ನಾನು ಮಡಿಕೇರಿಯ ಈ ಮನೆಯಲ್ಲಿ ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತೇನೆ. ಕೊಡ್ಲಿಪೇಟೆಯಿಂದ ಅಣ್ಣ ಫೋನ್ ಮಾಡಿ "ಇಲ್ಲಿ ಜೋರು ಮಳೆ ಕಣೋ" ಎಂದರೆ, "ಒಂದ್ನಿಮಿಷ ಅತ್ತಿಗೆಗೆ ಕೊಡು" ಎನ್ನುತ್ತೇನೆ. ಇಬ್ಬರ ಮಾತು ತಾಳೆಯಾದರೆ ಟಿಕ್, ಆಗದಿದ್ದರೆ ಸುದ್ದಿ ಅಲ್ಲೇ ನಿಲ್ಲಬೇಕು. ಡೆಸ್ಕಿನಲ್ಲಿ ನಾನು ಕಲಿತ ವಿದ್ಯೆ ಅಷ್ಟೇ, ಅದರಲ್ಲೇ ಜೀವನ ಸಾಗಿತು. "ನಮ್ಮ ಮದುವೆ ದಿನಾನೂ ಇಬ್ಬರನ್ನ ಕೇಳಿಯೇ ತಾಳಿ ಕಟ್ಟಿದ್ದು ಇವರು" ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುತ್ತಾಳೆ. ಅದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿಲ್ಲವಾದ್ದರಿಂದ ನಾನು ಪ್ರತಿಕ್ರಿಯಿಸುವುದಿಲ್ಲ.

ಈಚೆಗೆ ನಮ್ಮ ಊಟದ ಮೇಜು ಕೈತಪ್ಪಿ ಹೋಗಿತ್ತು. ಅಣ್ಣನ ಮಗಳು ನಯನ ಕಪ್ಪೆಗಳ ವಂಶದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಮಳೆಗಾಲವೆಲ್ಲ ಮಾಕುಟ್ಟದ ಕಾಡಿನಲ್ಲಿ ಜಿಗಣೆಗಳಿಗೆ ರಕ್ತದಾನ ಮಾಡಿ, ಬರೆಯುವ ಕೆಲಸಕ್ಕೆ ನಮ್ಮ ಮನೆಗೆ ಬಂದು ಮೇಜಿನ ತುಂಬ ಹಾಳೆ ಹರಡಿದ್ದಳು. ಪ್ರತಿ ಹಾಳೆಯಲ್ಲೂ ಒಂದು ಮರದ ಚಿತ್ರ, ಅದರ ಕೊಂಬೆಯ ತುದಿಗಳಲ್ಲಿ ಕಪ್ಪೆಗಳ ಹೆಸರು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

ಅವಳ ಕಷ್ಟ ನಮ್ಮದಕ್ಕಿಂತ ದೊಡ್ಡದಿತ್ತು. ಬೇರೆಬೇರೆಯವರು ಬೇರೆಬೇರೆ ಕಪ್ಪೆಗಳನ್ನು ಪರೀಕ್ಷಿಸಿ ಮಾಡಿದ ಸಣ್ಣ ಮರಗಳನ್ನೆಲ್ಲ ಸೇರಿಸಿ, ಯಾವುದಕ್ಕೂ ವಿರೋಧ ಬಾರದ ಹಾಗೆ ಒಂದೇ ದೊಡ್ಡ ಮರ ಕಟ್ಟಬೇಕಿತ್ತು. ಸೋಮವಾರ ಅದನ್ನು ಗೈಡ್ ಮುಂದೆ ಇಡದಿದ್ದರೆ ಪ್ರಬಂಧ ಮುಂದಿನ ವರ್ಷಕ್ಕೆ. ಲ್ಯಾಪ್‌ಟಾಪ್ ಮಾತ್ರ ಆಗುವುದಿಲ್ಲ ಎಂದು ಹಟ ಹಿಡಿದು ಕೂತಿತ್ತು. ಕಪ್ಪೆಗಳನ್ನು ಒಂದೊಂದಾಗಿ ಕೈಬಿಡುತ್ತ ಬಂದರೂ, ಕೊನೆಗೆ ನಾಲ್ಕು ಕಪ್ಪೆ, ಮೂರು ಹಾಳೆ ಉಳಿದಾಗಲೂ ಅದೇ ಉತ್ತರ.

"ನಾನೇ ಎಲ್ಲೋ ತಪ್ಪು ಬರ್ಕೊಂಡಿದೀನಿ ಚಿಕ್ಕಪ್ಪ" ಎಂದಳು. ಕಣ್ಣು ಕೆಂಪಗಿತ್ತು. "ಯಾವ ಎರಡು ಹಾಳೆಗೆ ಜಗಳ ಅಂತ ನೀವೇ ನೋಡಿ."

ಇಂಥ ಆಹ್ವಾನಕ್ಕೆ ನಾನು ಎಷ್ಟು ಕಾಲದಿಂದ ಕಾದಿದ್ದೆನೋ. ಪೆನ್ನಿನ ಮುಚ್ಚಳ ತೆಗೆದೆ. ಲ್ಯಾಟಿನ್ ಹೆಸರುಗಳು ಬಾಯಿಗೆ ಬರಲಿಲ್ಲವಾದ್ದರಿಂದ ನನ್ನ ಹೆಂಡತಿ ಅಲ್ಲೇ ನಾಮಕರಣ ಮಾಡಿದಳು: ಕೆಂಪಣ್ಣ, ಹಸಿರಣ್ಣ, ಚುಕ್ಕೆಣ್ಣ, ಗಡವಣ್ಣ. ಮೊದಲ ಹಾಳೆಯ ಪ್ರಕಾರ ಕೆಂಪಣ್ಣ, ಹಸಿರಣ್ಣ ಹತ್ತಿರದ ನೆಂಟರು, ಚುಕ್ಕೆಣ್ಣ ದೂರದವನು. ಎರಡನೆಯದರಲ್ಲಿ ಹಸಿರಣ್ಣ, ಚುಕ್ಕೆಣ್ಣ ಹತ್ತಿರ, ಗಡವಣ್ಣ ದೂರ. ಮೂರನೆಯದರಲ್ಲಿ ಚುಕ್ಕೆಣ್ಣ, ಗಡವಣ್ಣ ಹತ್ತಿರ, ಕೆಂಪಣ್ಣ ದೂರ. ಒಂದು, ಎರಡನ್ನು ಜೋಡಿಸಿ ನೋಡಿದೆ, ಕೂಡಿತು. ಎರಡು, ಮೂರು ಕೂಡಿದವು. ಒಂದು, ಮೂರೂ ಕೂಡಿದವು. ಪ್ರತಿ ಹಾಳೆಯ ಮೇಲೂ ಕೆಂಪು ಟಿಕ್ ಎಳೆದು, "ಯಾರಿಗೂ ಜಗಳ ಇಲ್ಲ, ನಿನ್ನ ಲ್ಯಾಪ್‌ಟಾಪ್ ರಿಪೇರಿಗೆ ಕೊಡು" ಎಂದೆ.

ನಯನ ನನ್ನ ಮುಖವನ್ನೇ ನೋಡಿದಳು. "ಯಾವ ಇಬ್ಬರಿಗೂ ಜಗಳ ಇಲ್ವಾ? ನಿಜವಾಗ್ಲೂ?" ಎಂದವಳು ಎದ್ದು ಅಡುಗೆಮನೆಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಒಂದು ಒಣಮೆಣಸಿನಕಾಯಿ, ನಿಂಬೆಕಾಯಿ, ಚುಕ್ಕೆ ಬಿದ್ದ ಬಾಳೆಹಣ್ಣು, ಗಡವಣ್ಣನ ಲೆಕ್ಕಕ್ಕೆ ಒಂದು ಆಲೂಗಡ್ಡೆ, ಒಂದು ಸಣ್ಣ ತಟ್ಟೆ, ಒಂದು ದೊಡ್ಡ ತಟ್ಟೆ.

"ಹತ್ತಿರದವರು ಒಂದೇ ತಟ್ಟೆಯಲ್ಲಿರ್ಬೇಕು. ದೂರದವನು ಆ ತಟ್ಟೆಯಿಂದ ಹೊರಗೆ" ಎಂದು ಮೆಣಸಿನಕಾಯಿ, ನಿಂಬೆಕಾಯಿಯನ್ನು ಸಣ್ಣ ತಟ್ಟೆಗೆ ಹಾಕಿದಳು. ಮೊದಲ ಹಾಳೆ ಮುಗಿಯಿತು. ಆ ತಟ್ಟೆಯನ್ನು ದೊಡ್ಡದರೊಳಗೆ ಇಟ್ಟು ಪಕ್ಕಕ್ಕೆ ಬಾಳೆಹಣ್ಣು ಇಟ್ಟಳು. ಆಲೂಗಡ್ಡೆ ಹೊರಗೆ ಉಳಿಯಿತು. ಎರಡನೆಯದೂ ಮುಗಿಯಿತು.

"ಈಗ ಮೂರನೇದು, ಚಿಕ್ಕಮ್ಮ. ಬಾಳೆಹಣ್ಣು, ಆಲೂಗಡ್ಡೆ ಒಂದು ತಟ್ಟೆಗೆ. ಮೆಣಸಿನಕಾಯಿ ಹೊರಗೆ."

ನನ್ನ ಹೆಂಡತಿ ಆಲೂಗಡ್ಡೆಯನ್ನು ಒಳಗೆ ತಂದಳು. ಅಲ್ಲಿ ಮೆಣಸಿನಕಾಯಿ ಆಗಲೇ ಕೂತಿತ್ತು. ಅದನ್ನು ಹೊರಗೆ ಹಾಕಿದರೆ ನಿಂಬೆಕಾಯಿ ಒಂಟಿಯಾಗಿ ಮೊದಲ ಹಾಳೆ ಸುಳ್ಳಾಗುತ್ತದೆ. ಎರಡನ್ನೂ ಹೊರಗಿಟ್ಟರೆ ನಿಂಬೆಕಾಯಿಗಿಂತ ಆಲೂಗಡ್ಡೆಯೇ ಬಾಳೆಹಣ್ಣಿಗೆ ಹತ್ತಿರವಾಗಿ ಎರಡನೆಯ ಹಾಳೆ ಸುಳ್ಳಾಗುತ್ತದೆ. "ಅಯ್ಯೋ, ಇದು ನಿಮ್ಮ ಚಿಕ್ಕಪ್ಪನ ಕಡೆ ನೆಂಟರ ಪಂಕ್ತಿ ಥರಾನೇ ಆಯ್ತಲ್ಲೇ" ಎಂದಳು.

"ನಂಗೆ ಬರ್ಲಿಲ್ಲ ಅಂತಲ್ಲ ಚಿಕ್ಕಮ್ಮ" ಎಂದಳು ನಯನ. "ಇದು ಯಾರಿಗೂ ಬರಲ್ಲ. ಇಂಥ ಮರ ಇರೋಕೇ ಸಾಧ್ಯ ಇಲ್ಲ."

ನಾನು ತಟ್ಟೆಗಳನ್ನೇ ನೋಡುತ್ತ ಕುಳಿತೆ. ಮಾಕುಟ್ಟದ ಚೆಕ್‌ಪೋಸ್ಟಿನ ಬಳಿ ನಿನ್ನೆ ಲಾರಿ ಮಗುಚಿದ್ದು ಹೇಗೆ ಎಂದು ಇವತ್ತು ಖಚಿತವಾಗಿ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದೇ ಕಾಡಿನಲ್ಲಿ ಮನುಷ್ಯನೆಂಬವನು ಹುಟ್ಟುವುದಕ್ಕೂ ಬಹಳ ಹಿಂದೆ, ಯಾವುದೋ ತೊರೆಯ ಅಂಚಿನಲ್ಲಿ ಒಂದು ಕಪ್ಪೆಯ ಸಂತಾನ ಎರಡಾಗಿ ಬೇರೆಯಾಯಿತು. ನೋಡಿದವರಿಲ್ಲ, ವರದಿಯಿಲ್ಲ. ಆದರೂ ನಮ್ಮ ಊಟದ ಮೇಜಿಗೆ ಕೂತು, ಈ ಮೂರೂ ಮಾತು ಒಟ್ಟಿಗೆ ನಿಜವಾಗಿರಲಾರವು ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದು. ಜೀವನವಿಡೀ ಬರೆದ ಯಾವ ಸುದ್ದಿಯ ಬಗ್ಗೆಯೂ ನನಗೆ ಅಷ್ಟು ಖಾತ್ರಿ ಇರಲಿಲ್ಲ. ಮೈ ಜುಮ್ಮೆಂದಿತು.

ಜುಮ್ಮೆಂದದ್ದು ಇಳಿದ ಮೇಲೆ ಹಳೆಯ ಬುದ್ಧಿ ತಲೆಯೆತ್ತಿತು. "ಒಂದು ಹಾಳೆ ಕೈಬಿಡು. ನಾವು ಹಾಗೇ ಮಾಡ್ತಿದ್ವಿ" ಎಂದೆ.

"ಯಾವುದನ್ನ ಬಿಡಲಿ? ಮೂರರಲ್ಲಿ ಯಾವುದು ಸುಳ್ಳು ಅಂತ ಗಣಿತ ಹೇಳಲ್ಲ ಚಿಕ್ಕಪ್ಪ. ಅದಕ್ಕೆ ಕಪ್ಪೆಗಳ ಹತ್ರಾನೇ ಹೋಗ್ಬೇಕು." ಅಂದರೆ ಇನ್ನೊಂದು ಮಳೆಗಾಲ ಮಾಕುಟ್ಟ, ಇನ್ನೊಂದು ಸುತ್ತು ಜಿಗಣೆ. ಹುಡುಗಿ ಅಳುತ್ತಾಳೆ ಎಂದುಕೊಂಡೆ. ಅವಳು ಬಾಳೆಹಣ್ಣು ಸುಲಿದು ತಿನ್ನುತ್ತ ಗೈಡಿಗೆ ಫೋನ್ ಮಾಡಿ, ಮರ ಯಾಕೆ ಬರುವುದಿಲ್ಲ ಎಂಬುದು ಗೊತ್ತಾಯಿತು ಎಂದು ನಗುನಗುತ್ತಲೇ ಹೇಳಿದಳು.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವಳು ಆ ಮೂರು ಹಾಳೆಗಳನ್ನೇ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು. ನನ್ನ ಟಿಕ್‌ಗಳನ್ನಾದರೂ ಅಳಿಸಿ ಒಯ್ಯು ಎಂದು ಬೇಡಿಕೊಂಡೆ. "ಬೇಡ ಚಿಕ್ಕಪ್ಪ, ಎರಡೆರಡೇ ನೋಡಿದ್ರೆ ತಪ್ಪು ಕಾಣೋದೇ ಇಲ್ಲ ಅಂತ, ಅದನ್ನ ತೋರಿಸಿದ್ರೇ ಅವರಿಗೆ ಬೇಗ ಅರ್ಥ ಆಗೋದು" ಎಂದಳು.

ಅವಳು ಹೋದ ಮೇಲೆ ಮೇಜು ನಮಗೆ ವಾಪಸು ಬಂತು. ಆದರೆ ಅನ್ನ ಕಲಸುವಾಗಲೆಲ್ಲ ಡೆಸ್ಕಿನಲ್ಲಿ ಅಷ್ಟು ವರ್ಷ ಎಳೆದ ಟಿಕ್‌ಗಳು ಕಣ್ಣ ಮುಂದೆ ಸಾಲುಗಟ್ಟುತ್ತವೆ. ಅವುಗಳಲ್ಲಿ ಒಂದೂ ತಪ್ಪಿರಲಾರದು. ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿ ನೋಡುವ ಧೈರ್ಯ ಮಾತ್ರ ನನಗಿಲ್ಲ.